ಜಾಲರಿಯ ಜಿಡ್ಡು

ಕನ್ನಡದಲ್ಲಿ ‘ಬೆಳಗು’ ಎಂಬ ಮಾತಿಗೆ ಇರುವ ಭಾಗ್ಯ ಬೇರೆ ಮಾತುಗಳಿಗೆ ಇಲ್ಲ. ಮೂಡಣದಲ್ಲಿ ಸೂರ್ಯ ಮೂಡಿದರೆ ಬೆಳಗು; ದೇವರ ಮುಂದೆ ದೀಪ ಹಿಡಿದರೆ ಅದೂ ಬೆಳಗುವುದೇ; ಬಚ್ಚಲ ಕಲ್ಲಿನ ಬಳಿ ಕುಳಿತು ಮುಸುರೆಯ ಪಾತ್ರೆಯನ್ನು ತಿಕ್ಕಿದರೆ ಅದೂ ಬೆಳಗುವುದೇ. ಸೂರ್ಯನಿಗೂ ಮುಸುರೆಗೂ ಒಂದೇ ಕ್ರಿಯಾಪದವನ್ನು ಕೊಟ್ಟ ಪೂರ್ವಿಕರ ಔದಾರ್ಯ ದೊಡ್ಡದು. ತರಗತಿಯಲ್ಲಿ ಈ ಮಾತನ್ನು ಹೇಳಿದಾಗ ಹುಡುಗರು ನಗುತ್ತಾರೆ, ಹುಡುಗಿಯರು ನಗುವುದಿಲ್ಲ. ಅವರಿಗೆ ಮೂರನೆಯ ಅರ್ಥದ ಪರಿಚಯ ಮೊದಲೇ ಉಂಟು.

ನಮ್ಮ ಮನೆಯಲ್ಲಿ ಆ ಮೂರನೆಯ ಅರ್ಥ ಚರ್ಚೆಗೆ ಬಂದದ್ದು ವಿದ್ಯುತ್ ಓವನ್ನಿನ ದಯೆಯಿಂದ. ರಾಯಚೂರಿನಲ್ಲಿ ಓವನ್ ಕೊಳ್ಳುವುದೆಂದರೆ ಸಮುದ್ರದ ದಂಡೆಯಲ್ಲಿ ಕುಳಿತು ಉಪ್ಪು ಕೊಂಡಂತೆ ಎಂದು ನೆರೆಯವರು ಹಾಸ್ಯ ಮಾಡಿದ್ದುಂಟು. ಮೇ ತಿಂಗಳಿನಲ್ಲಿ ಊರಿಗೆ ಊರೇ ಒಂದು ಕಾದ ಒಲೆ. ಆದರೂ ಮಕ್ಕಳ ಬಿಸ್ಕತ್ತು, ಹುಟ್ಟುಹಬ್ಬದ ಕೇಕು, ಎಣ್ಣೆ ಮಸಾಲೆ ಸವರಿ ಸುಟ್ಟ ಬದನೆಕಾಯಿ, ಇವುಗಳ ನೆಪದಲ್ಲಿ ಆ ಪೆಟ್ಟಿಗೆ ಅಡಿಗೆಮನೆಯನ್ನು ಪ್ರವೇಶಿಸಿತು. ಹೊರಗಿನಿಂದ ನೋಡಿದರೆ ಅದರ ಗಾಂಭೀರ್ಯವೇ ಗಾಂಭೀರ್ಯ. ಒಳಗಿನ ಕಂಬಿಯ ಜಾಲರಿಯನ್ನು ಹೊರಗೆಳೆದಾಗ ಮಾತ್ರ ಸಂಸಾರದ ಗುಟ್ಟೆಲ್ಲ ಬಯಲು. ಸಿಡಿದ ಎಣ್ಣೆ, ಜಿನುಗಿದ ಬೆಣ್ಣೆ ಕಂಬಿ ಕಂಬಿಗೂ ಹತ್ತಿ, ಮೊದಲು ಹೊಂಬಣ್ಣವಾಗಿ, ಬಳಿಕ ಕಂದಾಗಿ, ಕಡೆಗೆ ಕಾಡಿಗೆಯಾಗಿ ಕುಳಿತಿರುತ್ತದೆ.

ಪಾತ್ರೆ ತಿಕ್ಕಲು ಬರುವ ಹಿರಿಯಾಕೆ ಒಂದು ದಿನ ಆ ಜಾಲರಿಯನ್ನು ಗೋಡೆಗೆ ಒರಗಿಸಿಟ್ಟು, “ಸರ, ಭಾಂಡಿ ಎಷ್ಟಾದ್ರೂ ಹಾಕ್ರಿ, ತಿಕ್ಕತೀನಿ. ಇದೊಂದು ಬ್ಯಾಡ್ರಿ. ಬೆರಳು ನೋಡ್ರಿ, ಹೆಂಗ ಹರದಾವ” ಎಂದು ಕೈ ಚಾಚಿದರು. ತಂತಿಯ ಉಂಡೆಯಿಂದ ತಿಕ್ಕಿ ತಿಕ್ಕಿ ಬೆರಳ ತುದಿಗಳು ಬಿರಿದಿದ್ದವು. ಜಿಡ್ಡು ಮಾತ್ರ ಇದ್ದಲ್ಲಿಯೇ ಇತ್ತು. ನಡುಮನೆಯಲ್ಲಿ ಕುಳಿತಿದ್ದ ನನ್ನ ತಾಯಿ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು: “ಅದು ತಿಕ್ಕಿದರ ಹೋಗಂಗಿಲ್ಲವ್ವಾ. ನೆನಿ ಹಾಕಬೇಕು.”

ನನ್ನ ತಾಯಿ ಮಾನ್ವಿ ತಾಲ್ಲೂಕಿನ ಹಳ್ಳಿಯವರು. ಅಲ್ಲಿನ ಜೋಳದ ರೊಟ್ಟಿಗೆ ಎಣ್ಣೆಯ ಹಂಗಿಲ್ಲ. ನೀರು ಸವರಿ ಹಂಚಿನ ಮೇಲೆ ಬೇಯಿಸಿ, ಕೆಂಡಕ್ಕೆ ಹಿಡಿದು ಉಬ್ಬಿಸಿದರೆ ತೀರಿತು. ಜಿಡ್ಡಿನ ಕಾಟವೆಲ್ಲ ಮಿರ್ಚಿ ಭಜಿಯ ಬಾಣಲೆಯದು. ದೇವದುರ್ಗದ ನನ್ನ ಅತ್ತೆಯವರ ಮನೆಯಲ್ಲಿ ಅಂಥ ಬಾಣಲೆಗೆ ಹತ್ತಿಕಟ್ಟಿಗೆಯ ಬಿಸಿ ಬೂದಿ ಸುರಿದು, ನೀರು ಚಿಮುಕಿಸಿ, ರಾತ್ರಿಯೆಲ್ಲ ಹಾಗೆಯೇ ಬಿಡುತ್ತಿದ್ದರಂತೆ. ಮುಂಜಾನೆ ತೆಂಗಿನ ನಾರಿನಿಂದ ಸವರಿದರೆ ಸಾಕು. ತಿಕ್ಕುವ ಕೆಲಸವನ್ನು ರಾತ್ರಿಯೇ ಮಾಡಿ ಮುಗಿಸಿರುತ್ತಿತ್ತು.

ಇದರ ಮರ್ಮ ರಸಾಯನಶಾಸ್ತ್ರದಲ್ಲಿದೆ. ಕಟ್ಟಿಗೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಕ್ಷಾರವುಂಟು. ಯೂರೋಪಿನವರು ಬೂದಿಯ ತಿಳಿನೀರನ್ನು ಗಡಿಗೆಯಲ್ಲಿ ಬತ್ತಿಸಿ ಪಡೆಯುತ್ತಿದ್ದುದರಿಂದ ಅದಕ್ಕೆ ‘ಗಡಿಗೆ ಬೂದಿ’ ಎಂಬರ್ಥದ ಪೊಟ್ಯಾಷ್ ಎಂಬ ಹೆಸರು ಬಂತು. 1807ರಲ್ಲಿ ಹಂಫ್ರಿ ಡೇವಿ ಅದರಿಂದ ಹೊಸ ಲೋಹವನ್ನು ಬೇರ್ಪಡಿಸಿ ಪೊಟ್ಯಾಸಿಯಂ ಎಂದು ಕರೆದನು. ಕ್ಷಾರವೂ ಜಿಡ್ಡೂ ಬಿಸಿ ನೀರಿನಲ್ಲಿ ಸಂಧಿಸಿದಾಗ ಜಿಡ್ಡಿನ ಒಂದಂಶ ಸಾಬೂನಾಗಿ ಮಾರ್ಪಡುತ್ತದೆ. ನಮ್ಮ ವ್ಯಾಕರಣದ ಆದೇಶಸಂಧಿಯಂತೆ ಒಂದು ಹೋಗಿ ಅದರ ಸ್ಥಾನಕ್ಕೆ ಇನ್ನೊಂದು ಬರುತ್ತದೆ. ಹೀಗೆ ಹುಟ್ಟಿದ ಸಾಬೂನು ಉಳಿದ ಜಿಡ್ಡನ್ನು ನೀರಿನೊಡನೆ ಕೂಡಿಸಿ ಹೊರಗೆ ಕರೆದೊಯ್ಯುತ್ತದೆ. ಆದರೆ ಸಂಧಿಗೆ ಸಮಯ ಬೇಕು.

ಬೂದಿಯಾದರೋ ಈಗ ದುರ್ಲಭ. 2016ರ ಉಜ್ವಲಾ ಯೋಜನೆಯ ನಂತರ ಹಳ್ಳಿಯ ಮನೆಗಳಿಗೂ ಸಿಲಿಂಡರು ಬಂದಿತು. ಹೊಗೆ ಕುಡಿಯುತ್ತಿದ್ದ ಹೆಂಗಸರ ಕಣ್ಣು, ಎದೆ ಹಗುರವಾದವು. ಆ ಲಾಭದ ಮುಂದೆ ಬೂದಿಯ ನಷ್ಟ ಏನೂ ಅಲ್ಲ. ನಮ್ಮ ಪಕ್ಕದ ಶಕ್ತಿನಗರದಲ್ಲಿ 1985ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾದಂದಿನಿಂದ ಬೂದಿಗೆ ಬರವಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಅದು ಕಲ್ಲಿದ್ದಲಿನ ಬೂದಿ. ಸಿಮೆಂಟಿಗೂ ಇಟ್ಟಿಗೆಗೂ ಸಲ್ಲುವುದೇ ಹೊರತು ಉಣ್ಣುವ ಪಾತ್ರೆಗಲ್ಲ. ಅಕ್ಕಿ ಗಿರಣಿಗಳ ಹೊಟ್ಟಿನ ಬೂದಿಯೂ ಬಹುಪಾಲು ಸಿಲಿಕಾ. ಅದು ಕರಗಿಸುವುದಕ್ಕಿಂತ ಗೀರುವುದೇ ಹೆಚ್ಚು.

ಬೂದಿಯ ತಮ್ಮನೊಬ್ಬ ಇಂದೂ ಕಿರಾಣಿ ಅಂಗಡಿಯಲ್ಲಿ ಅಗ್ಗವಾಗಿ ಸಿಗುತ್ತಾನೆ. ಅವನೇ ಬಟ್ಟೆ ಒಗೆಯುವ ಸೋಡಾ. ಮಾನ್ವಿ, ಸಿಂಧನೂರುಗಳ ಕಡೆ ಕಾಲುವೆಯ ನೀರು ನಿಂತ ತಗ್ಗಿನ ಹೊಲಗಳಲ್ಲಿ ಸವಳು ಏಳುವುದನ್ನು ಕಂಡವರುಂಟು. ರೈತನಿಗೆ ಅದು ಶಾಪ. ಹಿಂದೆ ಸೋಡಾದ ಅಂಶವುಳ್ಳ ಇಂಥ ಸವಳು ಮಣ್ಣೇ ಅಗಸರ ಸಾಬೂನಾಗಿತ್ತು. 1861ರಲ್ಲಿ ಬೆಲ್ಜಿಯಂ ದೇಶದ ಅರ್ನೆಸ್ಟ್ ಸಾಲ್ವೇ ಎಂಬಾತ ಉಪ್ಪು, ಸುಣ್ಣಕಲ್ಲುಗಳಿಂದ ಅಮೋನಿಯಾದ ಸಹಾಯದಿಂದ ಸೋಡಾ ತಯಾರಿಸುವ ಸುಲಭ ಮಾರ್ಗವನ್ನು ಕಂಡುಕೊಂಡ ಮೇಲೆ ಅದು ಅಗ್ಗವಾಗಿ ಮನೆಮನೆಗೆ ಬಂದಿತು.

ಈಗ ನಮ್ಮ ಮನೆಯ ಕ್ರಮವನ್ನು ಹೇಳುತ್ತೇನೆ. ಜಾಲರಿ ಮುಳುಗುವಷ್ಟು ಅಗಲದ ಪ್ಲಾಸ್ಟಿಕ್ ತೊಟ್ಟಿ. ಐದು ಲೀಟರಿನಷ್ಟು ಬಿಸಿ ನೀರಿಗೆ ಅರ್ಧ ಬಟ್ಟಲು ಸೋಡಾ. ಪಾತ್ರೆ ತೊಳೆಯುವ ದ್ರವ ಒಂದು ಚಮಚ. ರಾತ್ರಿ ಮುಳುಗಿಸಿದರೆ ಬೆಳಿಗ್ಗೆ ನಾರು ಸಾಕು. ಬೇಸಿಗೆಯಲ್ಲಿ ನೀರು ಕಾಸುವ ಖರ್ಚೂ ಇಲ್ಲ. ಮಧ್ಯಾಹ್ನ ಮುಚ್ಚಿ ಮಾಳಿಗೆಯ ಮೇಲಿಟ್ಟರೆ ರಾಯಚೂರಿನ ಬಿಸಿಲು ಆ ಸೇವೆಯನ್ನು ಪುಕ್ಕಟೆಯಾಗಿ ಮಾಡುತ್ತದೆ. ನೀರಿಗಿಳಿಸಲಾಗದ ಓವನ್ನಿನ ಒಳಗೋಡೆಗೆ, ಪ್ಲಗ್ಗು ಕಿತ್ತು ತಣಿಸಿ, ಕಾಯುವ ಸರಳುಗಳನ್ನು ಬಿಟ್ಟು, ಅಡಿಗೆ ಸೋಡಾವನ್ನು ನೀರಿನಲ್ಲಿ ಕಲಸಿ ಬಳಿದು, ಕೆಲವು ಗಂಟೆಗಳ ಮೇಲೆ ಒದ್ದೆ ಬಟ್ಟೆಯಿಂದ ಒರಸುವುದು. ಅಲ್ಯುಮಿನಿಯಂ ತಟ್ಟೆಯನ್ನು ಮಾತ್ರ ಸೋಡಾದ ನೀರಿನಲ್ಲಿ ನೆನೆಯಿಡಬಾರದು. ಕ್ಷಾರವು ಆ ಲೋಹವನ್ನೇ ತಿನ್ನುತ್ತದೆ, ತಟ್ಟೆ ಕಪ್ಪಾಗುತ್ತದೆ. ಮತ್ತು ಕೈಗೆ ರಬ್ಬರಿನ ಗವಸು ಇರಲಿ. ಜಿಡ್ಡನ್ನು ಕರಗಿಸುವ ಕ್ಷಾರಕ್ಕೆ ಚರ್ಮದ ಜಿಡ್ಡೂ ಬೇರೆಯಲ್ಲ.

ಸೋಡಾದ ಮೇಲೆ ವಿನೆಗರ್ ಸುರಿದು, ಬುಸುಬುಸು ನೊರೆ ಎದ್ದುದನ್ನು ಕಂಡು ಹಿಗ್ಗುವವರು ಹಲವರು. ನೊರೆ ಏಳುತ್ತದೆ, ನಿಜ. ಆದರೆ ಹುಳಿಯೂ ಕ್ಷಾರವೂ ಒಂದನ್ನೊಂದು ನುಂಗಿ ಎರಡೂ ನಿಸ್ತೇಜವಾಗುತ್ತವೆ. ಸದ್ದು ಬಹಳ, ಕೆಲಸ ಅಲ್ಪ. ಹುಳಿಯ ಕ್ಷೇತ್ರವೇ ಬೇರೆ. ಹಿತ್ತಾಳೆ ತಾಮ್ರಗಳ ಕಿಲುಬಿಗೆ ಹುಣಸೆಹಣ್ಣು, ಗಡಸು ನೀರಿನ ಬಿಳಿಯ ಕಲೆಗೆ ನಿಂಬೆ. ಬ್ಲೀಚನ್ನು ಯಾವ ಹುಳಿಯೊಡನೆಯೂ ಬೆರೆಸಲೇಬಾರದು. ಏಳುವ ಕ್ಲೋರಿನ್ ಅನಿಲ ಪ್ರಾಣಕ್ಕೆ ಅಪಾಯ.

ಇನ್ನೊಂದು ಸೋಜಿಗವುಂಟು. ಕಾವಿಗೆ ಸಿಕ್ಕ ತೆಳುವಾದ ಎಣ್ಣೆ ಗಾಳಿಯೊಡನೆ ಕೂಡಿ ಅರಗಿನಂತೆ ಗಟ್ಟಿಯಾಗುತ್ತದೆ. ದೋಸೆಯ ಕಬ್ಬಿಣದ ಕಾವಲಿಯ ಮೇಲೆ ಅದು ಕುಳಿತರೆ ‘ಪಳಗಿದ ಕಾವಲಿ’ ಎಂದು ಅತ್ತೆಯಿಂದ ಸೊಸೆಗೆ ಆಸ್ತಿಯಾಗಿ ಬರುತ್ತದೆ. ಜಾಲರಿಯ ಮೇಲೆ ಕುಳಿತರೆ ಅದೇ ಕೊಳೆ. ಇಷ್ಟು ಭದ್ರವಾಗಿ ಹತ್ತುವುದನ್ನು ತೋಳಿನ ಬಲದಿಂದ ಕೀಳಹೊರಟರೆ ಬಿರಿಯುವುದು ಬೆರಳು. ಹಳೆಯದಾಗಿದ್ದರೆ ಎರಡು ಮೂರು ರಾತ್ರಿ ಬೇಕಾದೀತು; ಕಡೆಗೂ ಒಂದಿಷ್ಟು ಕಪ್ಪು ಉಳಿದರೆ ಉಳಿಯಲಿ. ಫಳಫಳ ಹೊಳೆಯುವ ಜಾಲರಿಗಿಂತ ಗಾಯವಿಲ್ಲದ ಬೆರಳು ಮೇಲು.

12ನೆಯ ಶತಮಾನದ ಮಡಿವಾಳ ಮಾಚಯ್ಯನ ಕಾಯಕವನ್ನು ತರಗತಿಯಲ್ಲಿ ಕೊಂಡಾಡುವುದು ಸುಲಭ. ಕೊಳೆ ಮಾಡಿದವರು ಒಬ್ಬರು, ತೊಳೆಯುವವರು ಇನ್ನೊಬ್ಬರು ಎಂಬ ಏರ್ಪಾಡು ಮನೆಯಲ್ಲಿ ಎಷ್ಟು ನ್ಯಾಯ ಎಂಬುದು ಕಠಿಣ ಪ್ರಶ್ನೆ. ಉಂಡವರು ಏಳುವಾಗ ಐದು ನಿಮಿಷ ವ್ಯಯಮಾಡಿ ನೆನೆಯಿಟ್ಟರೆ, ಮರುದಿನ ತೊಳೆಯುವವರ ಅರ್ಧ ಗಂಟೆಯ ಪಾಡು ತಪ್ಪುತ್ತದೆ.

ಆದ್ದರಿಂದ ನನ್ನ ತಾಯಿಯ ಅಧ್ಯಕ್ಷತೆಯಲ್ಲಿ ನಮ್ಮ ಮನೆಯಲ್ಲೊಂದು ಕಾನೂನು ಜಾರಿಗೆ ಬಂದಿದೆ. ಓವನ್ನಿನ ತಿನಿಸನ್ನು ಯಾರು ಬಯಸಿದರೋ ಅವರೇ ಆ ರಾತ್ರಿ ಜಾಲರಿಯನ್ನು ನೆನೆಯಿಡತಕ್ಕದ್ದು. ಅಂದಿನಿಂದ ಹಿರಿಯಾಕೆಯ ಬೆರಳುಗಳು ಮಾಯುತ್ತಿವೆ. ಬಿಸ್ಕತ್ತಿಗಾಗಿ ಹಟ ಮಾಡುವವರ ಸಂಖ್ಯೆಯೂ ತಾನಾಗಿಯೇ ಕೊಂಚ ಇಳಿದಿದೆ.