ನೋಡುವುದಕ್ಕೂ ಒಂದು ಅದಬ್ ಇದೆ

ನೀವು ಮೈಸೂರಿನ ಮೃಗಾಲಯವನ್ನು ನೋಡಿದ್ದೀರಾ? ಹೆಚ್ಚಿನವರು ಹೌದೆನ್ನುತ್ತೀರಿ. ಶಾಲೆಯ ಪ್ರವಾಸದಲ್ಲೋ, ಮದುವೆಯಾದ ಹೊಸತರಲ್ಲೋ, ಮಕ್ಕಳ ಹಠಕ್ಕೆ ಮಣಿದು ಈದ್‌ನ ಮರುದಿನವೋ ಒಮ್ಮೆಯಾದರೂ ಬಂದಿರುತ್ತೀರಿ. ಹಾಗಾದರೆ ಇನ್ನೊಂದು ಪ್ರಶ್ನೆ. ಅಲ್ಲಿ ಯಾವುದಾದರೂ ಒಂದು ಪ್ರಾಣಿಯ ಮುಂದೆ ನೀವು ಎಷ್ಟು ಹೊತ್ತು ನಿಂತಿರಿ? ಎರಡು ನಿಮಿಷ? ಮೂರು? ಜಿರಾಫೆ ಆಯಿತು, ಮುಂದೆ ನಡೆಯಿರಿ, ಹುಲಿ ಮಲಗಿದೆ, ಬನ್ನಿ ಬನ್ನಿ, ಆನೆ ಎಲ್ಲಿ ಎಂದು ಎರಡು ಗಂಟೆಯಲ್ಲಿ ಮುಗಿಸಿ ಹೊರಗೆ ಬಂದು ಚುರುಮುರಿ ತಿಂದಿರುತ್ತೀರಿ. ಕಾಲು ನೋವು ನೆನಪಿರುತ್ತದೆ, ಪ್ರಾಣಿ ನೆನಪಿರುವುದಿಲ್ಲ.

ನನ್ನ ಮನೆ ನಜರ್‌ಬಾದ್‌ನಲ್ಲಿದೆ. ಮೃಗಾಲಯಕ್ಕೆ ನಡೆದುಕೊಂಡೇ ಹೋಗಬಹುದು. 2009ರಿಂದ ತಿಂಗಳಿಗೆ ಒಂದೆರಡು ಬಾರಿಯಾದರೂ ನಾನು ಅಲ್ಲಿಗೆ ಹೋಗುತ್ತಿದ್ದೇನೆ. ಬಂಧುಗಳು ನಗುತ್ತಾರೆ. "ಹೊಸ ಪ್ರಾಣಿ ಬಂದಿದೆಯಾ, ಇಲ್ಲ ಹಳೆಯವೇ ನಿನ್ನನ್ನು ನೋಡಲು ಕರೆದವಾ?" ಎಂದು ಕೇಳುತ್ತಾರೆ. ಎರಡನೆಯದು ಪೂರ್ತಿ ಸುಳ್ಳಲ್ಲ ಎಂದು ನಾನೂ ನಗುತ್ತೇನೆ.

ಈ ರೂಢಿ ಶುರುವಾದದ್ದು ನನ್ನ ಖಾಲಾರಿಂದ. ಅವರು ನನ್ನ ತಾಯಿಯ ಅಕ್ಕ. ಮಕ್ಕಳಿರಲಿಲ್ಲ. ಖಾಲೂ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದರು. ಇದ್ದತ್‌ನ ನಾಲ್ಕು ತಿಂಗಳು ಹತ್ತು ದಿನ ಮುಗಿದರೂ ಅವರು ಹೊಸ್ತಿಲು ದಾಟಲಿಲ್ಲ. ಶರೀಅತ್ ಅವರಿಗೆ ಬಾಗಿಲು ತೆರೆದಿತ್ತು, ಅವರೇ ಮುಚ್ಚಿಕೊಂಡಿದ್ದರು. ಸಕ್ಕರೆ ಕಾಯಿಲೆ ಏರಿತು. ದಿನವೂ ನಡೆಯಬೇಕು ಎಂದರು ಡಾಕ್ಟರು. ರಸ್ತೆಯಲ್ಲಿ ನಡೆಯಲು ಅವರಿಗೆ ಸಂಕೋಚ, ವಾಹನಗಳ ಭಯ. ಮೃಗಾಲಯದಲ್ಲಾದರೆ ಮರಗಳ ನೆರಳು, ಸಮತಟ್ಟಾದ ದಾರಿ, ಅಲ್ಲಲ್ಲಿ ಕೂರಲು ಜಾಗ. ಯಾರೂ ನಮ್ಮನ್ನು ನೋಡುವುದಿಲ್ಲ, ಎಲ್ಲರೂ ಪ್ರಾಣಿಗಳನ್ನೇ ನೋಡುತ್ತಾರೆ ಎಂದು ಹೇಳಿ ಒಪ್ಪಿಸಿದೆ.

ಪೂರ್ತಿ ಸುತ್ತು ಬಂದರೆ ಸುಮಾರು ಮೂರು ಕಿಲೋಮೀಟರ್. ಖಾಲಾರಿಗೆ ಅಷ್ಟು ಆಗುತ್ತಿರಲಿಲ್ಲ. ಅವರು ನಡೆದು ಸುಸ್ತಾಗಿ ಕೂರುತ್ತಿದ್ದುದು ಗೊರಿಲ್ಲಾದ ಆವರಣದ ಬಳಿ. ಅಲ್ಲಿದ್ದವನ ಹೆಸರು ಪೋಲೊ. 1995ರಲ್ಲಿ ಐರ್ಲೆಂಡಿನ ಡಬ್ಲಿನ್ ಮೃಗಾಲಯದಿಂದ ಬಂದವನು. ಆಗ ಇಡೀ ಭಾರತದಲ್ಲಿ ಇದ್ದ ಗೊರಿಲ್ಲಾ ಅವನೊಬ್ಬನೇ. ಯೋಚಿಸಿ ನೋಡಿ, ನೂರು ಕೋಟಿ ಮನುಷ್ಯರ ದೇಶದಲ್ಲಿ ಅವನ ಭಾಷೆ ತಿಳಿದವರು ಒಬ್ಬರೂ ಇರಲಿಲ್ಲ.

ಮೊದಮೊದಲು ನಾನು ಪುಸ್ತಕ ಹಿಡಿದು ಕೂರುತ್ತಿದ್ದೆ. ಖಾಲಾ ಪೋಲೊನನ್ನು ನೋಡುತ್ತಿದ್ದರು. ನಾಲ್ಕೈದು ಭೇಟಿಯ ನಂತರ ಅವರು ಹೇಳುವುದನ್ನು ಕೇಳಿ ನಾನೂ ಪುಸ್ತಕ ಮುಚ್ಚಿದೆ. ಅವನ ಬೆನ್ನಿನ ಮೇಲಿನ ಬೆಳ್ಳಿ ಬಣ್ಣ ಮುಪ್ಪಿನ ನರೆ ಎಂದು ನಾನು ತಿಳಿದಿದ್ದೆ. ಆಮೇಲೆ ಓದಿದಾಗ ಅದು ಪ್ರಾಯಕ್ಕೆ ಬಂದ ಎಲ್ಲ ಗಂಡು ಗೊರಿಲ್ಲಾಗಳಿಗೂ ಬರುವ ಬಣ್ಣ, ಸಂಸಾರ ನಡೆಸುವ ಯೋಗ್ಯತೆಯ ಗುರುತು ಎಂದು ತಿಳಿಯಿತು. ಸಂಸಾರವಿಲ್ಲದವನ ಬೆನ್ನ ಮೇಲೆ ಆ ಗುರುತು! ಸೊಪ್ಪು ಕೊಟ್ಟರೆ ಒಟ್ಟಿಗೆ ಬಾಯಿಗೆ ತುಂಬಿಕೊಳ್ಳುತ್ತಿರಲಿಲ್ಲ. ಎಲೆಯನ್ನು ಬಿಡಿಸಿ, ಬೇಡದ ದಂಟನ್ನು ಪಕ್ಕಕ್ಕಿಟ್ಟು ತಿನ್ನುತ್ತಿದ್ದ. "ನೋಡು ಬೇಟಿ, ನಾವು ಮೆಂತ್ಯ ಸೊಪ್ಪು ಬಿಡಿಸುವ ಹಾಗೆಯೇ" ಎನ್ನುತ್ತಿದ್ದರು ಖಾಲಾ. ಮಳೆ ಬಂದರೆ ಅವನಿಗೆ ಆಗುತ್ತಿರಲಿಲ್ಲ. ಎರಡೂ ತೋಳುಗಳನ್ನು ಎದೆಗೆ ಕಟ್ಟಿ ತಲೆ ತಗ್ಗಿಸಿ ಕುಳಿತುಬಿಡುತ್ತಿದ್ದ, ಶಾಲು ಹೊದ್ದ ಅಜ್ಜನ ಹಾಗೆ.

ಬಹಳ ಹೊತ್ತು ಅವನು ಜನರಿಗೆ ಬೆನ್ನು ಹಾಕಿಯೇ ಕುಳಿತಿರುತ್ತಿದ್ದ. ಜನರಿಗೆ ಅದೇ ಸಿಟ್ಟು. ಟಿಕೆಟ್ ಕೊಟ್ಟು ಬಂದಿದ್ದೇವೆ, ಮುಖ ತೋರಿಸು ಎಂಬ ಧಾಟಿ. ಸಿಳ್ಳೆ ಹಾಕುವರು, ಚಪ್ಪಾಳೆ ತಟ್ಟುವರು, ಎದೆ ಗುದ್ದಿಕೊಂಡು ಅಣಕಿಸುವರು. ಒಂದು ದಿನ ಖಾಲಾ ಮೆಲ್ಲಗೆ ಕೇಳಿದರು, "ಇವನಿಗೆ ಯಾರೂ ಇಲ್ಲವಾ?" ಇಲ್ಲ ಖಾಲಾ, ಹೆಣ್ಣು ಗೊರಿಲ್ಲಾ ತರಿಸಲು ಪ್ರಯತ್ನ ನಡೆದಿದೆಯಂತೆ ಎಂದೆ. "ಪ್ರಯತ್ನ ಮಾಡುವಷ್ಟರಲ್ಲಿ ವಯಸ್ಸಾಗಿ ಹೋಗುತ್ತದೆ" ಎಂದರು. ಅವರು ಯಾರ ಬಗ್ಗೆ ಹೇಳುತ್ತಿದ್ದಾರೆ ಎಂದು ನಾನು ಕೇಳಲಿಲ್ಲ. ಆದರೆ ಆ ವಾರ ಅವರು ತಮ್ಮ ಹಳೆಯ ಗೆಳತಿಯೊಬ್ಬರಿಗೆ ಫೋನ್ ಮಾಡಿಸಿಕೊಂಡು ಒಂದು ಗಂಟೆ ಮಾತಾಡಿದರು. ಖಾಲೂ ತೀರಿದ ನಂತರ ಮೊದಲ ಸಲ.

ಗೊರಿಲ್ಲಾ ಏಕೆ ಬೆನ್ನು ಹಾಕುತ್ತದೆ ಗೊತ್ತೇ? ಅವುಗಳ ಲೋಕದಲ್ಲಿ ಕಣ್ಣಿಗೆ ಕಣ್ಣಿಟ್ಟು ನೋಡುವುದು ಜಗಳಕ್ಕೆ ಕರೆದಂತೆ. ಹಲ್ಲು ತೋರಿಸಿ ನಗುವುದೂ ಅವಕ್ಕೆ ನಗುವಾಗಿ ಕಾಣುವುದಿಲ್ಲ. 2007ರ ಮೇ ತಿಂಗಳಲ್ಲಿ ನೆದರ್ಲೆಂಡ್ಸ್‌ನ ರೋಟರ್‌ಡ್ಯಾಮ್ ಮೃಗಾಲಯದಲ್ಲಿ ಬೊಕಿಟೊ ಎಂಬ ಗಂಡು ಗೊರಿಲ್ಲಾ ಕಂದಕ ದಾಟಿ ಹೊರಬಂದು ಒಬ್ಬ ಮಹಿಳೆಯ ಮೇಲೆ ಎರಗಿತು. ಆಕೆಗೆ ತೀವ್ರ ಗಾಯಗಳಾದವು. ಆಕೆ ನನ್ನ ಹಾಗೆಯೇ ಪದೇ ಪದೇ ಹೋಗುವವಳು. ಅದು ತನ್ನ ಗೆಳೆಯನೆಂದು ನಂಬಿ ನೇರ ಕಣ್ಣಿಟ್ಟು ನಗುತ್ತಿದ್ದಳು. ನಂತರ ಅಲ್ಲಿ ಸಂದರ್ಶಕರಿಗೆ ಒಂದು ಬಗೆಯ ರಟ್ಟಿನ ಕನ್ನಡಕ ಹಂಚಿದರು. ಹಾಕಿಕೊಂಡವರು ಬೇರೆ ಕಡೆ ನೋಡುತ್ತಿರುವಂತೆ ಅದರ ಮೇಲೆ ಕಣ್ಣುಗಳನ್ನು ಮುದ್ರಿಸಿದ್ದರು! ಇದನ್ನು ಓದಿ ಖಾಲಾರಿಗೆ ಹೇಳಿದಾಗ ಅವರು ಗಟ್ಟಿಯಾಗಿ ನಕ್ಕರು. "ದೃಷ್ಟಿ ತಗ್ಗಿಸಿ ಎಂದು ನಮಗೆ ಚಿಕ್ಕಂದಿನಿಂದ ಹೇಳಿದ್ದಾರಲ್ಲ, ಗೊರಿಲ್ಲಾಗೂ ಅದೇ ಅದಬ್ ಬೇಕಂತೆ!" ಎಂದರು. ಅಂದಿನಿಂದ ನಾವಿಬ್ಬರೂ ಅವನನ್ನು ಓರೆಗಣ್ಣಿನಿಂದಲೇ ನೋಡುತ್ತಿದ್ದೆವು. ಅದರಿಂದಲೋ ಏನೋ ತಿಳಿಯದು, ಕೆಲವೊಮ್ಮೆ ಜನ ಕಡಿಮೆಯಿದ್ದಾಗ ಅವನು ನಮ್ಮ ಕಡೆಗೇ ಪಕ್ಕ ಮಾಡಿ ಕೂರುತ್ತಿದ್ದ.

ಹೀಗೆ ಕೂತು ನೋಡುವುದು ರೂಢಿಯಾದ ಮೇಲೆ ಬೇರೆ ಪ್ರಾಣಿಗಳೂ ಬೇರೆ ಥರ ಕಾಣತೊಡಗಿದವು. ಜಿರಾಫೆಯ ನಾಲಿಗೆ ಕಪ್ಪಗೆ, ಒಂದೂವರೆ ಅಡಿ ಉದ್ದ. ಅಷ್ಟುದ್ದದ ಕುತ್ತಿಗೆಯಲ್ಲಿ ಮೂಳೆಗಳು ಏಳೇ, ನಮ್ಮ ಕುತ್ತಿಗೆಯಲ್ಲಿರುವಷ್ಟೇ. ಸೃಷ್ಟಿಕರ್ತನ ಲೆಕ್ಕ ನೋಡಿ. ಇನ್ನು ಮಂಗಟ್ಟೆ ಹಕ್ಕಿಯ ವಿಷಯ ನಮ್ಮ ಮನೆಯ ಗಂಡಸರಿಗೆ ಓದಿ ಹೇಳಬೇಕಾದದ್ದು. ಕಾಡಿನಲ್ಲಿ ಹೆಣ್ಣು ಹಕ್ಕಿ ಮೊಟ್ಟೆಯಿಡಲು ಮರದ ಪೊಟರೆಯೊಳಗೆ ಸೇರಿ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ. ಒಂದು ಸಣ್ಣ ಸೀಳು ಮಾತ್ರ ಉಳಿಯುತ್ತದೆ. ವಾರಗಟ್ಟಲೆ ಗಂಡು ಹಕ್ಕಿಯೇ ಹಣ್ಣು ತಂದು ಆ ಸೀಳಿನಲ್ಲಿ ಕೊಡಬೇಕು. ಉಪ್ಪು ಕಡಿಮೆಯಾಯಿತು ಎಂದು ಅದು ಹೇಳಿದ್ದನ್ನು ಯಾರೂ ಕೇಳಿಲ್ಲ.

ಆದರೆ ಕೂತು ನೋಡಿದವರಿಗೆ ಸಂತೋಷ ಮಾತ್ರ ಸಿಗುವುದಿಲ್ಲ. ಹುಲಿ ಒಂದೇ ಗೆರೆಯ ಮೇಲೆ ಹೋಗಿ, ಅದೇ ಮೂಲೆಯಲ್ಲಿ ತಿರುಗಿ, ಅದೇ ಗೆರೆಯಲ್ಲಿ ಬರುವುದನ್ನು ಮೂರು ನಿಮಿಷ ನೋಡಿದರೆ "ಆಹಾ, ಏನು ಗಾಂಭೀರ್ಯ" ಅನಿಸುತ್ತದೆ. ಮುಕ್ಕಾಲು ಗಂಟೆ ನೋಡಿದರೆ ಹೊಟ್ಟೆ ಕಿವುಚುತ್ತದೆ. ಸರಪಳಿಯಲ್ಲಿರುವ ಅಥವಾ ಒಂಟಿಯಾದ ಆನೆ ತಲೆಯನ್ನು ಆ ಕಡೆ ಈ ಕಡೆ ತೂಗುವುದನ್ನು ನೀವು ಎಲ್ಲಾದರೂ ನೋಡಿರಬಹುದು. ಆನೆ ಡ್ಯಾನ್ಸ್ ಮಾಡುತ್ತಿದೆ ಎಂದು ತಾಯಂದಿರು ಮಕ್ಕಳಿಗೆ ತೋರಿಸುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟುತ್ತವೆ. ಅದು ಕುಣಿತವಲ್ಲ ತಾಯಂದಿರೇ. ಮಾಡಲು ಕೆಲಸವಿಲ್ಲದ, ಹೋಗಲು ದಾರಿಯಿಲ್ಲದ ಜೀವದ ಬೇಗುದಿ ಅದು ಎಂದು ಪ್ರಾಣಿಗಳ ಸ್ವಭಾವ ಬಲ್ಲವರು ಹೇಳುತ್ತಾರೆ. ಕಾಡಿನ ಆನೆ ಅಜ್ಜಿ, ತಾಯಿ, ಚಿಕ್ಕಮ್ಮಂದಿರ ನಡುವೆ ಬೆಳೆಯುತ್ತದೆ. ಹಿರಿಯ ಹೆಣ್ಣಾನೆಯೇ ಹಿಂಡಿನ ಯಜಮಾನಿ. ದೆಹಲಿ ಮೃಗಾಲಯದ ಶಂಕರ್ ಎಂಬ ಆಫ್ರಿಕಾದ ಆನೆ ಎಷ್ಟೋ ವರ್ಷ ತನ್ನ ಜಾತಿಯ ಜೊತೆಯಿಲ್ಲದೆ ಇದ್ದು 2025ರ ಸೆಪ್ಟೆಂಬರಿನಲ್ಲಿ ಸತ್ತಿತು. ಪ್ರಾಣಿಯನ್ನು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಜೊತೆಯಿಲ್ಲದೆ ಇಡಬಾರದು ಎಂದು ನಮ್ಮ ಮೃಗಾಲಯಗಳ ನಿಯಮವೇ ಹೇಳುತ್ತದೆ. ನಿಯಮ ಕಾಗದದಲ್ಲಿರುತ್ತದೆ, ಆನೆ ಆವರಣದಲ್ಲಿರುತ್ತದೆ.

ನಾನು ಮದ್ರಸದಲ್ಲಿ ಕಲಿತು, ಬಳಿಕ ಬಿ.ಎ. ಮಾಡಿ, ಈಗ ಚಿಕ್ಕ ಮಕ್ಕಳಿಗೆ ಪಾಠ ಹೇಳುವವಳು. ಒಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಾಗ ಒಬ್ಬ ಹುಡುಗಿ ಕೇಳಿದಳು, "ಮಿಸ್, ಇವೆಲ್ಲ ಏನು ತಪ್ಪು ಮಾಡಿವೆ?" ಬಿ.ಎ.ಯಲ್ಲಿ ಕಲಿತದ್ದು ಯಾವುದೂ ಸಹಾಯಕ್ಕೆ ಬರಲಿಲ್ಲ. ಮದ್ರಸದ ಪಾಠ ನೆನಪಾಯಿತು.

ಬೆಕ್ಕನ್ನು ಕಟ್ಟಿಹಾಕಿ ಸಾಯಿಸಿದ ಸ್ತ್ರೀಯ ಹದೀಸನ್ನು ನಾವೆಲ್ಲ ಕೇಳಿದ್ದೇವೆ. ಆಕೆ ಅದಕ್ಕೆ ಆಹಾರವನ್ನೂ ಕೊಡಲಿಲ್ಲ, ತಾನೇ ಹೋಗಿ ಹುಳಹುಪ್ಪಟೆ ಹಿಡಿದು ತಿನ್ನಲೆಂದು ಬಿಡಲೂ ಇಲ್ಲ. ಆ ಕಾರಣಕ್ಕೆ ಶಿಕ್ಷೆಗೆ ಗುರಿಯಾದಳು. ಇನ್ನೊಂದು ಕಡೆ ಅಬೂ ಉಮೈರ್ ಎಂಬ ಪುಟ್ಟ ಬಾಲಕನ ಪ್ರಸಂಗವಿದೆ. ಅವನ ಬಳಿ ಒಂದು ಸಣ್ಣ ಹಕ್ಕಿಯಿತ್ತು. ಅದು ಸತ್ತಾಗ ಪ್ರವಾದಿ(ಸ)ಯವರು ಆ ಮಗುವನ್ನು ವಿಚಾರಿಸಿ ಸಮಾಧಾನಪಡಿಸಿದರು. ಹಕ್ಕಿಯನ್ನು ಸಾಕಿದ್ದಕ್ಕೆ ಗದರಿಸಲಿಲ್ಲ. ಇವೆರಡನ್ನೂ ಇಟ್ಟುಕೊಂಡು ವಿದ್ವಾಂಸರು, ಹಕ್ಕು ಸಲ್ಲಿಸುವುದಾದರೆ ಪ್ರಾಣಿಯನ್ನು ಇಟ್ಟುಕೊಳ್ಳಬಹುದು ಎಂದಿದ್ದಾರೆ. ಮರಿಗಳನ್ನು ಕಳೆದುಕೊಂಡ ತಾಯಿ ಹಕ್ಕಿಯೊಂದು ರೆಕ್ಕೆ ಬಡಿಯುತ್ತಾ ಸುತ್ತಾಡುವುದನ್ನು ಕಂಡು ಮರಿಗಳನ್ನು ಹಿಂದಿರುಗಿಸಲು ಪ್ರವಾದಿ(ಸ)ಯವರು ಹೇಳಿದ ಪ್ರಸಂಗವೂ ಇದೆ. ಹಿಂದಿನ ಕಾಲದಲ್ಲಿ ಗೊರಿಲ್ಲಾದ ಮರಿ ಹಿಡಿಯಲು ತಾಯಿಯನ್ನೇ ಕೊಲ್ಲುತ್ತಿದ್ದರು ಎಂದು ಓದಿದಾಗ ನನಗೆ ಆ ಹಕ್ಕಿಯೇ ನೆನಪಾಯಿತು.

ಹಕ್ಕು ಎಂದರೆ ಎಷ್ಟು? ಇಲ್ಲಿ ನನ್ನ ಅಭಿಪ್ರಾಯ ಹೇಳುತ್ತೇನೆ, ನೀವು ಒಪ್ಪದಿರಬಹುದು. ಆಹಾರ, ನೀರು, ಔಷಧ ಇಷ್ಟಕ್ಕೇ ಹಕ್ಕು ಮುಗಿಯುವುದಿಲ್ಲ. ಭೂಮಿಯ ಮೇಲಿನ ಪ್ರಾಣಿಗಳೂ ಹಾರುವ ಹಕ್ಕಿಗಳೂ ನಿಮ್ಮಂತೆಯೇ ಸಮುದಾಯಗಳು ಎಂಬರ್ಥದ ಮಾತು ಕುರ್‌ಆನ್‌ನಲ್ಲಿದೆ. ಸಮುದಾಯದಲ್ಲಿ ಬದುಕಬೇಕಾದುದನ್ನು ಒಂಟಿಯಾಗಿಸಿದರೆ ಹೊಟ್ಟೆ ತುಂಬಿಸಿದರೂ ಏನೋ ಒಂದು ಬಾಕಿ ಉಳಿಯಿತು. ಹಾಗೆಂದು ಮೃಗಾಲಯಗಳನ್ನೆಲ್ಲ ಮುಚ್ಚಿಬಿಡಿ ಎನ್ನುವವರ ಜೊತೆಗೂ ನಾನಿಲ್ಲ. ಮೃಗಾಲಯದಲ್ಲೇ ಹುಟ್ಟಿ ಬೆಳೆದ ಹುಲಿಯನ್ನು ಬಂಡೀಪುರದಲ್ಲಿ ಬಿಟ್ಟರೆ ಅದು ಬದುಕುವುದು ಕಷ್ಟ. ಬಿಟ್ಟುಬಿಡುವುದೂ ಬೆಕ್ಕಿನ ಒಡತಿಯ ಇನ್ನೊಂದು ರೂಪವಾದೀತು. 1892ರಲ್ಲಿ ಚಾಮರಾಜೇಂದ್ರ ಒಡೆಯರ್ ಈ ಮೃಗಾಲಯ ಕಟ್ಟಿಸಿದಾಗ ಅದು ರಾಜಮನೆತನದ ಪ್ರಾಣಿ ಸಂಗ್ರಹ. ಇಂದು ಸಿಂಗಳೀಕದಂತಹ ಅಪರೂಪದ ಜೀವಿಗಳ ವಂಶ ಉಳಿಸುವ ಕೆಲಸವೂ ಇಂತಹ ಕಡೆಗಳಲ್ಲಿ ನಡೆಯುತ್ತಿದೆ. ಹುಡುಗಿಗೆ ನಾನು, "ಅವು ತಪ್ಪು ಮಾಡಿಲ್ಲ. ಅದಕ್ಕೇ ನಾವು ಅವುಗಳಿಗೆ ಸಾಲಗಾರರು" ಎಂದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ, ತಲೆಯಾಡಿಸಿದಳು.

ಈಗ ಈದ್‌ನ ವಿಷಯ. ಹೇಳದೆ ಇರಲಾರೆ, ಬೇಸರಿಸಬೇಡಿ. ಈದ್‌ನ ಮರುದಿನ ಮೃಗಾಲಯದಲ್ಲಿ ನಮ್ಮವರದೇ ಜಾತ್ರೆ. ಹೊಸ ಬಟ್ಟೆಯ ಮಕ್ಕಳನ್ನು ನೋಡಿದರೆ ಕಣ್ಣು ತುಂಬುತ್ತದೆ. ಆದರೆ ಅದೇ ಮಕ್ಕಳು ಮಲಗಿದ ಮೊಸಳೆ ಜೀವಂತವೋ ಎಂದು ಪರೀಕ್ಷಿಸಲು ಕಲ್ಲು ಹುಡುಕುವಾಗ, ಅಪ್ಪಂದಿರು ನಗುತ್ತಾ ಮೊಬೈಲ್ ಹಿಡಿದು ನಿಲ್ಲುವಾಗ, ತಿಂಗಳಿಡೀ ಉಪವಾಸ ಮಾಡಿ ಕಲಿತ ಸಬ್ರ್ ಎಲ್ಲಿ ಹೋಯಿತು ಅನಿಸುತ್ತದೆ. ಪ್ರಾಣಿಗಳನ್ನು ಕೆಣಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಬಿಸ್ಕತ್ತು, ಕುರ್ಕುರೆ ಎಸೆಯುವವರಿಗೆ ತಾವು ಸದಕಾ ಮಾಡುತ್ತಿದ್ದೇವೆಂಬ ಭಾವನೆ. ಕವರಿನ ಸಮೇತ ನುಂಗಿದ ಜಿಂಕೆಗೆ ಅದು ಸದಕಾ ಅಲ್ಲ, ಸಾವು. ಪ್ರಾಣಿಗಳಿಗೆ ಕೊಡುವ ಮನಸ್ಸಿದ್ದರೆ ಮೃಗಾಲಯದಲ್ಲಿ ದತ್ತು ಯೋಜನೆಯಿದೆ. ದೊಡ್ಡ ಪ್ರಾಣಿಯೇ ಆಗಬೇಕೆಂದಿಲ್ಲ, ಸಣ್ಣ ಹಕ್ಕಿಯ ಹೆಸರಿನಲ್ಲೂ ಹಣ ಕಟ್ಟಬಹುದು. ಮಕ್ಕಳ ಈದಿಯಿಂದ ನಾಲ್ಕೈದು ಮನೆಯವರು ಸೇರಿ ಕೊಡಲಿ, ಆ ಹಕ್ಕಿಯನ್ನು ನೋಡಲು ಮಕ್ಕಳು ತಾವಾಗಿಯೇ ಮತ್ತೆ ಬರುತ್ತಾರೆ.

2014ರಲ್ಲಿ ಪೋಲೊ ಸತ್ತುಹೋದ. ಪತ್ರಿಕೆ ಓದಿದ ನಾನು ಖಾಲಾರಿಗೆ ಹೇಗೆ ಹೇಳುವುದೆಂದು ತಿಳಿಯದೆ ಮಧ್ಯಾಹ್ನದವರೆಗೆ ಸುಮ್ಮನಿದ್ದೆ. ಹೇಳಿದಾಗ ಅವರು ಇನ್ನಾಲಿಲ್ಲಾಹ್ ಎಂದರು. ಸ್ವಲ್ಪ ತಡೆದು, ಪ್ರಾಣಿಗೆ ಹಾಗೆ ಹೇಳಬಹುದೇ ಎಂದು ಕೇಳಿದರು. ಎಲ್ಲವೂ ಅವನದೇ ಅಲ್ಲವೇ ಖಾಲಾ ಎಂದೆ. ಮೃಗಾಲಯಕ್ಕೆ ಹೋಗುವುದನ್ನು ಮಾತ್ರ ಅವರು ನಿಲ್ಲಿಸಲಿಲ್ಲ. ಅಷ್ಟು ಹೊತ್ತಿಗೆ ಅವರಿಗೆ ಅಲ್ಲಿ ಪರಿಚಯದ ಹೆಂಗಸರಿದ್ದರು. ಬೆಳಿಗ್ಗೆ ಬರುವ ಇಬ್ಬರು ನಿವೃತ್ತ ಟೀಚರುಗಳು, ಗುಡಿಸುವ ಕೆಲಸದಾಕೆ. ಮಂಗಳವಾರ ರಜೆಯೆಂದರೆ ಅವರಿಗೆ ಬೇಸರ. 2017ರ ಜನವರಿಯಲ್ಲಿ ಹಕ್ಕಿಜ್ವರ ಬಂದು ತಿಂಗಳ ಕಾಲ ಗೇಟು ಮುಚ್ಚಿದಾಗ ಮನೆಯಲ್ಲಿ ಅವರನ್ನು ಸಂಭಾಳಿಸುವುದೇ ಕಷ್ಟವಾಗಿತ್ತು. ಬಾಗಿಲು ದಾಟದಿದ್ದ ಖಾಲಾ! ಅವರು ತೀರಿಕೊಂಡದ್ದು 2018ರಲ್ಲಿ. ಅಲ್ಲಾಹನು ಅವರ ಕಬರನ್ನು ಬೆಳಗಿಸಲಿ.

2021ರಲ್ಲಿ ಜರ್ಮನಿಯಿಂದ ತಾಬೊ ಮತ್ತು ಡೆಂಬ ಎಂಬ ಎರಡು ಗೊರಿಲ್ಲಾಗಳು ಮೈಸೂರಿಗೆ ಬಂದವು. ಎರಡೂ ಗಂಡು. ಗೊರಿಲ್ಲಾ ಸಂಸಾರದಲ್ಲಿ ಒಂದು ಗಂಡಿನ ಸುತ್ತ ಹಲವು ಹೆಣ್ಣುಗಳಿರುವುದರಿಂದ ಉಳಿದ ಗಂಡುಗಳನ್ನು ಹೀಗೆ ಜೊತೆಯಾಗಿ ಇಡುವ ಕ್ರಮ ಯುರೋಪಿನ ಮೃಗಾಲಯಗಳಲ್ಲಿದೆ. ಸಂಸಾರವಲ್ಲದಿದ್ದರೂ ಜೊತೆಯಂತೂ ಆಯಿತು. 2023ರ ಡಿಸೆಂಬರ್‌ನಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ದಾರಿಯಲ್ಲಿ ಬೊಕಿಟೊನ ಕಥೆ ಹೇಳಿದ್ದೆ. ಒಂದು ಗೊರಿಲ್ಲಾ ಸೊಪ್ಪು ಬಿಡಿಸುತ್ತಾ ಕುಳಿತಿತ್ತು, ಇನ್ನೊಂದು ಹತ್ತಿರ ಬಂದು ಕೈಗೆಟುಕುವಷ್ಟು ದೂರದಲ್ಲಿ ಬೆನ್ನು ತಿರುಗಿಸಿ ಕುಳಿತಿತು. ನನ್ನ ಇಪ್ಪತ್ತೆರಡು ಮಕ್ಕಳೂ ಮುಖವನ್ನು ಬೇಲಿಯ ಕಡೆಗೆ ತಿರುಗಿಸಿ ಓರೆಗಣ್ಣು ಮಾಡಿ ಸಾಲಾಗಿ ನಿಂತವು. ನೋಡಿದವರಿಗೆ ಎಲ್ಲರಿಗೂ ಒಟ್ಟಿಗೆ ಕುತ್ತಿಗೆ ಉಳುಕಿದೆ ಅನಿಸಬೇಕು. ಪಕ್ಕದಲ್ಲಿ ಒಬ್ಬ ಗಂಡಸು ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಜೋರಾಗಿ ಸಿಳ್ಳೆ ಹಾಕಿದರು. ನಮ್ಮ ತರಗತಿಯ ಅತಿ ನಾಚಿಕೆಯ ಹುಡುಗಿ, ಹಾಜರಿ ಕರೆದರೂ ದನಿ ಕೇಳಿಸದವಳು, ಅವರ ಅಂಗಿ ಜಗ್ಗಿದಳು. "ಅಂಕಲ್, ಹಾಗೆ ನೇರ ನೋಡಬೇಡಿ. ಅವನಿಗೆ ಇಷ್ಟ ಆಗಲ್ಲ. ಹೀಗೆ ನೋಡಿ" ಎಂದು ತೋರಿಸಿಕೊಟ್ಟಳು.