ಬಂಡೆಯ ಬಿರುಕಿನಲ್ಲಿ ಬಿತ್ತುವ ಹಕ್ಕಿ

ಹೊಸಪೇಟೆಯಿಂದ ಹಂಪಿಗೆ ಸುಮಾರು 13 ಕಿ.ಮೀ. ಅಲ್ಲಿಗೆ ಹೋದಾಗ ಹಳೆಯ ಗೋಡೆ, ಮಂಟಪಗಳತ್ತ ತಲೆಯೆತ್ತಿ ನೋಡಿ. ಕಲ್ಲಿನ ಸಂದಿಯಲ್ಲಿ ಎಲ್ಲಾದರೂ ಒಂದು ಅರಳಿ ಸಸಿ ಕಂಡೀತು. ಅಷ್ಟೆತ್ತರದಲ್ಲಿ ಅದನ್ನು ನೆಟ್ಟವರು ಯಾರು?

ಅಲ್ಲೇ ಗೂಡು ಕಟ್ಟುವ ಪಾರಿವಾಳ ಎಂದು ಮಕ್ಕಳು ಹೇಳಬಹುದು. ಆದರೆ ಈ ಪಾರಿವಾಳ ಕಾಳು ತಿನ್ನುವ ಹಕ್ಕಿ. ಅದರ ಹೊಟ್ಟೆ, ನುಂಗಿದ ಹರಳುಗಳ ನೆರವಿನಿಂದ ಕಾಳನ್ನು ಬೀಸುವ ಕಲ್ಲಿನಂತೆ ಅರೆದುಬಿಡುತ್ತದೆ. ನ್ಯೂಜಿಲೆಂಡಿನ ಕೆರೆರು ಎಂಬ ಪಾರಿವಾಳ ಮಾತ್ರ ಹಣ್ಣನ್ನು ಇಡಿಯಾಗಿ ನುಂಗಿ, ಬೀಜವನ್ನು ದೂರ ಒಯ್ದು ಕಾಡು ಬೆಳೆಸುತ್ತದೆ. ನಮ್ಮಲ್ಲಿ ಆ ಕೆಲಸ ಮಾಡುವುದು ಪಿಕಳಾರ, ಮೈನಾ, ಕೋಗಿಲೆಗಳು.

ಪಿಕಳಾರಗಳಲ್ಲಿ ಒಂದು ಬಗೆ ಈ ಕಲ್ಲುಗುಡ್ಡಗಳಿಗೇ ಮೀಸಲು. ಅದೇ ಹಳದಿ ಕೊರಳಿನ ಪಿಕಳಾರ. ತಲೆಯ ಮೇಲೆ ಜುಟ್ಟಿಲ್ಲ. ಬೂದು ಎದೆಯ ಮೇಲೆ ಅರಿಶಿನ ಬಳಿದಂಥ ಕೊರಳು. 1845ರಲ್ಲಿ ಜೆರ್ಡನ್ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದು ಸಿಗುವುದಿಲ್ಲ. ಹಂಪಿಯ ಬಂಡೆಗಳು, 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮ ಇದರ ನೆಲೆಗಳು.

ಹುಳುಹುಪ್ಪಟೆಯ ಜೊತೆಗೆ ಸಣ್ಣ ಕಾಡುಹಣ್ಣುಗಳು ಇದರ ಆಹಾರ. ತಿರುಳು ಕರಗಿ, ಬೀಜ ಹಿಕ್ಕೆಯೊಂದಿಗೆ ಬಂಡೆಯ ಬಿರುಕಿಗೆ ಬೀಳುತ್ತದೆ. ಅಲ್ಲಿ ತುಸು ಮಣ್ಣು, ತುಸು ನೆರಳು. ಮಳೆ ಬಂದರೆ ಮೊಳಕೆ. ಬಾರೆ, ಕವಳೆಯಂಥ ದೊಡ್ಡ ಹಣ್ಣಿನ ಬೀಜ ಹರಡಲು ಕರಡಿಯೂ ಇದೆ. ಹೀಗೆ ಹಕ್ಕಿ ಮತ್ತು ಕರಡಿ ಸೇರಿ ಈ ಕುರುಚಲು ಕಾಡನ್ನು ಹಸಿರಾಗಿಟ್ಟಿವೆ.

ಈಗ ಈ ಪಿಕಳಾರ ಕಡಿಮೆಯಾಗುತ್ತಿದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಜಲ್ಲಿಗಾಗಿ, ಗ್ರಾನೈಟಿಗಾಗಿ ಗುಡ್ಡ ಒಡೆದರೆ ಇದಕ್ಕೆ ಬೇರೆ ಮನೆಯಿಲ್ಲ. ಸಂಡೂರಿನ ಕಬ್ಬಿಣದ ಅದಿರಿನ ಕಥೆ ಎಲ್ಲರಿಗೂ ಗೊತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದು, ಮುಂದೆ ಷರತ್ತುಗಳ ಮೇಲೆ ಅನುಮತಿ ಕೊಟ್ಟಾಗ ಕೆಟ್ಟ ನೆಲವನ್ನು ಸರಿಪಡಿಸುವ ಹೊಣೆಯನ್ನೂ ಹೊರಿಸಿತು. ಸಮತಟ್ಟು ನೆಲದಲ್ಲಿ ಗುಂಡಿ ತೋಡಿ ಸಸಿ ನೆಡಬಹುದು. ಕಡಿದಾದ ಬಂಡೆಯ ಸಂದಿಯಲ್ಲಿ ನೆಡಲು ಹಕ್ಕಿಯೇ ಬರಬೇಕು.

ರಜೆಯಲ್ಲಿ ಮಕ್ಕಳನ್ನು ಕರೆದೊಯ್ಯುವವರು ಬೆಳಗಿನ ಹೊತ್ತು ಹಣ್ಣು ಬಿಟ್ಟ ಆಲದ ಮರದಿಂದ ಸ್ವಲ್ಪ ದೂರ ಕೂತು ನೋಡಿ. ಯಾವ ಹಕ್ಕಿ ಬಂತು, ತಿಂದ ಮೇಲೆ ಯಾವ ಕಡೆ ಹಾರಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಸಿ. ಅದು ಹಾರಿದ ದಿಕ್ಕಿನಲ್ಲೇ ಮುಂದಿನ ಮರವೊಂದು ಹುಟ್ಟಬಹುದು.