ಗೋಡೆ ಕೊಟ್ಟರು, ಜಾಗ ಕೊಡಲಿಲ್ಲ

ಮನೆ ಅಂದರೆ ನಾಲ್ಕು ಗೋಡೆ, ಮೇಲೊಂದು ಸೂರು ಎಂದು ನಂಬಿದವರು ವಿಧಾನಸೌಧದಲ್ಲಿ ಕೂತಿದ್ದಾರೆ. ನಮಗೆ ಗೊತ್ತಿರೋ ಮನೆಯೇ ಬೇರೆ. ಕೂಲಿಗೆ ಎಷ್ಟು ದೂರ ನಡೀಬೇಕು, ನೀರು ಎಲ್ಲಿದೆ, ಮಕ್ಕಳ ಸ್ಕೂಲು ಎಲ್ಲಿದೆ, ನಡುರಾತ್ರಿ ಹೆರಿಗೆ ನೋವು ಬಂದರೆ ಗಾಡಿ ಬರುತ್ತದೋ ಇಲ್ಲವೋ, ಇದೆಲ್ಲ ಸೇರಿ ಮನೆ. ಜಾಗಕ್ಕೆ ಬೆಲೆ ಕಟ್ಟೋದನ್ನು ರಿಯಲ್ ಎಸ್ಟೇಟಿನವರು ಕಲಿಸಿದರು ಎಂದು ಪೇಟೆಯವರು ತಿಳಿದಿದ್ದಾರೆ. ಈ ದೇಶದಲ್ಲಿ ಆ ಲೆಕ್ಕ ಮೊದಲು ಹಾಕಿದ್ದು ಜಾತಿ. ಗುಡಿಯ ಮಗ್ಗುಲಲ್ಲಿ ಯಾರಿರಬೇಕು, ಕೆರೆ ಕೆಳಗಿನ ಗದ್ದೆ ಯಾರದು, ಊರಾಚೆ ಬೀಳಬೇಕಾದವರು ಯಾರು ಅಂತ ಗೆರೆ ಎಳೆದದ್ದು ಅದೇ.

1970ರ ದಶಕದಲ್ಲಿ ದೇವರಾಜ ಅರಸರ ಸರ್ಕಾರ ಇಲ್ಲದವರಿಗೆ ನಿವೇಶನ, ಜನತಾ ಮನೆ ಕೊಡಲು ಹೊರಟಾಗ ನಮ್ಮ ಅಪ್ಪ ಅವ್ವಂದಿರು ನಂಬಿದರು. ನಂಬಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಧಣಿಯ ಹಿತ್ತಲಲ್ಲಿ ಗುಡಿಸಲು ಹಾಕಿಕೊಂಡವನಿಗೆ ತನ್ನ ಹೆಸರಿನ ಹಕ್ಕುಪತ್ರ ಸಣ್ಣದಲ್ಲ. ಗೌಡ 'ಎದ್ದೋಗು' ಅಂದರೆ 'ಇದು ನಂದು' ಅನ್ನಬಹುದು. ಆದರೆ ಜಾಗ ಆರಿಸಿದವರು ಯಾರು? ತಾಲ್ಲೂಕು ಕಚೇರಿಯವರು, ಊರ ಯಜಮಾನರು. ಬೆಳೆಯೋ ಭೂಮಿ ಬಿಟ್ಟುಕೊಡಲು ಯಾರೂ ಒಪ್ಪಲಿಲ್ಲ. ಕೊನೆಗೆ ನಮ್ಮ ಪಾಲಿಗೆ ಬಂದದ್ದು ಊರಿಂದ ಒಂದೂವರೆ ಮೈಲಿ ಆಚೆಯ ಕಲ್ಲು ಬೋರೆ. ಒಂದು ಕಡೆ ಮಸಣ, ಇನ್ನೊಂದು ಕಡೆ ಹಳ್ಳ.

ಮನೆಗಳೇನೋ ಎದ್ದವು. ಎರಡನೇ ಬೇಸಿಗೆಗೆ ಬೋರ್‌ವೆಲ್ ಬತ್ತಿತು. ಹೆಂಗಸರು ಕೊಡ ಹೊತ್ತು ಹಳೇ ಕೇರಿಯ ಬಾವಿಗೇ ಬರಬೇಕಾಯ್ತು. ನಾಟಿ ಕಾಲದಲ್ಲಿ ಹತ್ತಿರ ಇದ್ದವರಿಗೆ ಮೊದಲು ಕರೆ. ನಾವು ಬೋರೆಯಿಂದ ಇಳಿದು ಬರೋ ಹೊತ್ತಿಗೆ ಆಳು ಭರ್ತಿಯಾಗಿರೋದು. ಹಳ್ಳ ತುಂಬಿದ ದಿನ ಮಕ್ಕಳಿಗೆ ಸ್ಕೂಲಿಲ್ಲ. ಮೂರು ವರ್ಷದೊಳಗೆ ಒಂದೊಂದೇ ಸಂಸಾರ ಹಳೇ ಗುಡಿಸಲಿಗೆ ವಾಪಸ್ಸು ಬಂತು. ಬಿಟ್ಟ ಮನೆಗಳ ಕದ, ಕಿಟಕಿ, ಹೆಂಚು ಮಾಯವಾದವು. ಒಳಗೆ ಕುರಿ ಮೇಕೆ ಸೇರಿಕೊಂಡವು.

ಆಮೇಲೆ ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದರು. "ಪುಕ್ಕಟೆ ಮನೆ ಕೊಟ್ರೂ ಇರಕ್ಕಾಗಲ್ವೇನ್ರಯ್ಯಾ ನಿಮ್ಗೆ?" ಎಂದರು. ನಮ್ಮ ಕೇರಿಯ ಮುದುಕಿಯೊಬ್ಬಳು ಅಂದಳು: "ಗ್ವಾಡೆ ಕೊಟ್ರಿ ಸ್ವಾಮಿ, ಜಾಗ ಕೊಡ್ನಿಲ್ಲ. ಗ್ವಾಡೆ ತಿನ್ನಕ್ಕಾಯ್ತದಾ?" ಅವಳ ಮಾತನ್ನು ಯಾರೂ ಬರಕೊಳ್ಳಲಿಲ್ಲ. ಕಡತದಲ್ಲಿ ಆ ಮನೆಗಳು ಪೂರ್ಣಗೊಂಡಿವೆ ಎಂದೇ ಉಳಿಯಿತು.

ಇದು ಒಂದು ಊರಿನ ಗೋಳಲ್ಲ. 1991-92ರಲ್ಲಿ ಆಶ್ರಯ ಯೋಜನೆ ಬಂತು. ಹೆಸರು ಬದಲಾಯಿತು, ಯಾರಿಗೂ ಬೇಡದ ನೆಲ ಹುಡುಕುವ ಚಾಳಿ ಹೋಗಲಿಲ್ಲ. 2009ರ ನೆರೆಯಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳು ಮುಳುಗಿದಾಗ 'ಆಸರೆ' ಹೆಸರಿನಲ್ಲಿ ನವಗ್ರಾಮಗಳನ್ನು ಕಟ್ಟಿದರು. ಹಲವು ಕಡೆ ಮನೆಗಳು ಖಾಲಿ ಬಿದ್ದವು. ಹೊಲ ಹೊಳೆ ದಂಡೆಯಲ್ಲಿ, ಮನೆ ದೂರದ ದಿನ್ನೆಯಲ್ಲಿ. ಎತ್ತು ಕಟ್ಟಲು, ಮೇವು ಒಟ್ಟಲು ಎಡೆಯಿಲ್ಲದ ಮನೆಯಲ್ಲಿ ರೈತ ಹೇಗೆ ಬಾಳಬೇಕು?

ಬೆಂಗಳೂರಿನಲ್ಲಿ ಇದೇ ಲೆಕ್ಕ ತಿರುಗುಮುರುಗಾಯಿತು. ಕೋರಮಂಗಲದ ಮಗ್ಗುಲ ಈಜಿಪುರದಲ್ಲಿ ಬಡವರಿಗೆಂದು ಕಟ್ಟಿದ ವಸತಿಗೃಹಗಳು ಕೆಲವೇ ವರ್ಷಗಳಲ್ಲಿ ಕುಸಿಯತೊಡಗಿದವು. ಜನ ತಗಡಿನ ಶೆಡ್ಡಿಗೆ ಬಂದರೂ ಜಾಗ ಬಿಡಲಿಲ್ಲ. ಹೆಂಗಸರ ಮನೆಗೆಲಸ, ಗಂಡಸರ ಕೂಲಿ ಎಲ್ಲ ನಡೆಯುವ ದೂರದಲ್ಲಿತ್ತು. ಅಷ್ಟರಲ್ಲಿ ಆ ನೆಲಕ್ಕೆ ಚಿನ್ನದ ಬೆಲೆ ಬಂದಿತ್ತು. ಖಾಸಗಿ ಬಿಲ್ಡರ್ ಜೊತೆ ಒಪ್ಪಂದವಾಯಿತು: ಒಂದು ಭಾಗದಲ್ಲಿ ಬಡವರ ಮನೆ, ಇನ್ನೊಂದರಲ್ಲಿ ಮಾಲ್. 2013ರ ಜನವರಿಯಲ್ಲಿ ಸುಮಾರು 1500 ಕುಟುಂಬಗಳ ಶೆಡ್ಡುಗಳನ್ನು ಪೊಲೀಸ್ ಕಾವಲಲ್ಲಿ ಕೆಡವಿದರು. ಹಲವರ ಪಾಲಿಗೆ ಬಂದದ್ದು ಸರ್ಜಾಪುರ ರಸ್ತೆಯ ಕಡೆಯ ಸೂಲಿಕುಂಟೆ. ಅಷ್ಟು ದೂರದಿಂದ ಬಸ್ಸು ಹಿಡಿದು ಬಂದು ನಾಲ್ಕು ಮನೆ ಪಾತ್ರೆ ತೊಳೆದರೆ ಕೈಗೆ ಉಳಿಯೋದೆಷ್ಟು? ಎಷ್ಟೋ ಮಂದಿ ಕೆಡವಿದ ಜಾಗದ ಪಕ್ಕದ ಫುಟ್‌ಪಾತಿನಲ್ಲೇ ಉಳಿದರು.

ಬೆಲೆಯಿಲ್ಲದ ಜಾಗಕ್ಕೆ ನಮ್ಮನ್ನು ಅಟ್ಟುತ್ತಾರೆ. ನಾವಿದ್ದ ಜಾಗಕ್ಕೆ ಬೆಲೆ ಬಂದರೆ ಅಲ್ಲಿಂದಲೂ ಎಬ್ಬಿಸುತ್ತಾರೆ. ಬಾಬಾಸಾಹೇಬರು 1947ರ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಕೃತಿಯಲ್ಲಿ ಪರಿಶಿಷ್ಟರಿಗೆ ಪ್ರತ್ಯೇಕ ನೆಲೆಗಳನ್ನು ಕೇಳಿದಾಗ, ಯಾರ ಸ್ವಾಧೀನದಲ್ಲೂ ಇಲ್ಲದ ಸಾಗುವಳಿ ಯೋಗ್ಯ ಸರ್ಕಾರಿ ಭೂಮಿಯನ್ನು ಅದಕ್ಕೇ ಮೀಸಲಿಡಬೇಕೆಂದರು. ಬರೀ ಸೂರು ಕೇಳಲಿಲ್ಲ. ದುಡಿದು ತಿನ್ನುವ ನೆಲದ ಜೊತೆ ಮನೆ ಕೇಳಿದರು. ನಮಗೆ ಕೊಟ್ಟವರು ನೆಲ ಬಿಟ್ಟು ಗೋಡೆ ಮಾತ್ರ ಕೊಟ್ಟರು.

ಆದ್ದರಿಂದ ಗೆಳೆಯರೇ, ಗ್ರಾಮಸಭೆಯಲ್ಲಿ ವಸತಿ ಪಟ್ಟಿ ಓದುವಾಗ ಎಷ್ಟು ಮನೆ ಅಂತ ಮೊದಲು ಕೇಳಬೇಡಿ. ಯಾವ ಸರ್ವೆ ನಂಬರು, ಊರಿಗೆ ಎಷ್ಟು ದೂರ, ನೀರು ಯಾವ ಮೂಲದ್ದು, ಮಳೆಗಾಲದಲ್ಲಿ ದಾರಿ ಇರುತ್ತದಾ ಅಂತ ಕೇಳಿ. ಮೇಷ್ಟ್ರೇ, ನಕ್ಷೆ ಓದಲು ಬಾರದ ನಮ್ಮವರಿಗೆ ಅದನ್ನು ಬಿಡಿಸಿ ಹೇಳಿ. ಹಕ್ಕುಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಎಲ್ಲರೂ ಆ ಜಾಗಕ್ಕೆ ನಡೆದು ಹೋಗಿ ನೋಡಲಿ. ಹೆಂಗಸರು ಮುಂದೆ ಇರಲಿ. ನೀರಿನ ದೂರ, ಸೌದೆಯ ದೂರ ಅವರ ಕಾಲಿಗೆ ಗೊತ್ತು. ಊರೊಳಗೆ ಸರ್ಕಾರಿ ಜಾಗ ಇದ್ದೂ ಬೋರೆ ತೋರಿಸಿದರೆ ಒಪ್ಪಬೇಡಿ, ಅಲ್ಲೇ ಕೂತು ಕೇಳಿ.